ಬಾವಿಯೊಳಗಿನ ಟೈಟಾನ್: ಅರಿಜೋನಾದ ಕ್ಷಿಪಣಿ ಮ್ಯೂಸಿಯಂ ನೋಡಹೋಗುವವರಿಗೆ

ಅಮೆರಿಕ ನೆಲದಡಿಯ ಬಾವಿಗಳಲ್ಲಿ ಸಜ್ಜಾಗಿ ನಿಲ್ಲಿಸಿದ್ದ ಅಣ್ವಸ್ತ್ರ ಕ್ಷಿಪಣಿ ಟೈಟಾನ್-2. ಅದರ ಬಾವಿಯೊಂದೇ ಈಗ ಟೈಟಾನ್ ಮಿಸೈಲ್ ಮ್ಯೂಸಿಯಂ. ಅಲ್ಲಿ ಎಲ್ಲರೂ ಮುಗಿಬಿದ್ದು ನೋಡುವುದು ಉಡಾವಣೆಯ ಎರಡು ಕೀಲಿಗಳನ್ನು. ಫೋಟೊಗೆ ಅದೇ ಚೆನ್ನ, ಮಕ್ಕಳಿಗೆ ಖುಷಿ ಕೊಡುವುದೂ ಅದೇ. ಆದರೆ ಟಿಕೆಟ್ಟಿನ ದುಡ್ಡು ಪೂರ್ತಿ ವಸೂಲಾಗಬೇಕು ಅನ್ನುವವರು ಅಲ್ಲಿನ ಸ್ಪ್ರಿಂಗು, ಕೊಳವೆ, ವಾಲ್ವುಗಳ ಮೇಲೆ ಕಣ್ಣಿಡಬೇಕು. ಇಂಧನ ತುಂಬುವವರು ತೊಡುತ್ತಿದ್ದ ರಬ್ಬರ್ ದಿರಿಸಿನ ಮುಂದೆ ಎರಡು ನಿಮಿಷ ನಿಲ್ಲಬೇಕು. ಅಮೆರಿಕ, ಸೋವಿಯತ್ ಒಕ್ಕೂಟಗಳು ಒಂದರ ಮೇಲೊಂದು ಒಂದೇ ಒಂದು ಕ್ಷಿಪಣಿ ಹಾರಿಸದೆ ನಲವತ್ತಕ್ಕೂ ಹೆಚ್ಚು ವರ್ಷ ಹಲ್ಲು ಕಡಿದುಕೊಂಡು ಕೂತದ್ದು ಹೇಗೆ ಅನ್ನುವುದು ಭಾಷಣಗಳಿಗಿಂತ ಚೆನ್ನಾಗಿ ಈ ಸಾಮಾನುಗಳಲ್ಲಿ ಗೊತ್ತಾಗುತ್ತದೆ. ಇಲ್ಲಿ ಯುದ್ಧ ನಡೆದಿಲ್ಲ. ನಡೆದದ್ದೆಲ್ಲ ಮೇಂಟೆನೆನ್ಸ್.

ಜಾಗ ಇರುವುದು ಟೂಸಾನ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಸಾಹುವರೀಟಾದಲ್ಲಿ, ಗ್ರೀನ್ ವ್ಯಾಲಿಗೆ ಅಂಟಿಕೊಂಡಂತೆ. ಫೀನಿಕ್ಸ್‌ನಿಂದ ಹೊರಟರೆ ಎರಡು ಗಂಟೆಯ ಮೇಲೆ ಸ್ವಲ್ಪ. ಮಗನ ಮನೆಗೋ ಮಗಳ ಮನೆಗೋ ಬಂದ ಅಪ್ಪ-ಅಮ್ಮನನ್ನು ಗ್ರ್ಯಾಂಡ್ ಕ್ಯಾನಿಯನ್‌ಗೆ ಕರೆದೊಯ್ದಾಯಿತು, ಮುಂದೆಲ್ಲಿಗೆ ಎಂದು ಕೇಳುವ ಫೀನಿಕ್ಸ್ ಕನ್ನಡಿಗರಿಗೆ ಒಂದು ದಿನಕ್ಕೆ ಹೇಳಿಮಾಡಿಸಿದ ದೂರ. ಟೂಸಾನ್‌ನಲ್ಲಿ ಐ-19 ಹಿಡಿದರೆ ದೂರದ ಫಲಕಗಳೆಲ್ಲ ಕಿಲೋಮೀಟರಿನಲ್ಲಿ ಕಾಣಿಸುತ್ತವೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಹೀಗಿರುವುದು ಇದೊಂದೇ. ವೇಗದ ಮಿತಿ ಮಾತ್ರ ಮೈಲಿಯಲ್ಲೇ ಇದೆ, ಮೈಮರೆಯಬೇಡಿ. 69ನೇ ಎಕ್ಸಿಟ್‌ನಲ್ಲಿ ಇಳಿದು ಡುವಾಲ್ ಮೈನ್ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಮ್ಯೂಸಿಯಂ. ಹಿಂದೆ ಉದ್ದಕ್ಕೂ ಕಾಣುವ ಮಟ್ಟಸ ಗುಡ್ಡಗಳು ತಾಮ್ರದ ಗಣಿಯ ತ್ಯಾಜ್ಯ. ಕ್ಷಿಪಣಿಗೂ ಅವಕ್ಕೂ ಸಂಬಂಧವಿಲ್ಲ.

ನೆಲದಡಿಗೆ ಗೈಡ್ ಜೊತೆಗೇ ಇಳಿಯಬೇಕು, ನಮ್ಮಷ್ಟಕ್ಕೆ ಓಡಾಡುವಂತಿಲ್ಲ. ಒಂದು ಗುಂಪಿಗೆ ಇಷ್ಟೇ ಜನ ಅಂತ ಲೆಕ್ಕ ಇರುವುದರಿಂದ ಹೊತ್ತು ನೋಡಿಕೊಂಡು ಮೊದಲೇ ಬುಕ್ ಮಾಡುವುದು ವಾಸಿ. ಚಳಿಗಾಲದಲ್ಲಂತೂ ಉತ್ತರದ ಹಿಮದ ಸೀಮೆಯ ನಿವೃತ್ತರೆಲ್ಲ ಅರಿಜೋನಾಗೆ ಬಂದು ಬೀಡುಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಜನ ಕಡಿಮೆ, ಆದರೆ ಮೇಲೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕೆಳಗಿನ ಪ್ರವಾಸ ತಂಪಾಗಿ ಮುಗಿದರೂ ಅಂಗಳದಲ್ಲಿ ನೋಡುವುದು ಬಹಳ ಇದೆ, ನೀರಿನ ಬಾಟಲಿ ಇರಲಿ. ಸಾಮಾನ್ಯ ಪ್ರವಾಸ ಮುಕ್ಕಾಲು ಗಂಟೆಯದು. ಅಂಗಳ, ವಸ್ತುಪ್ರದರ್ಶನ ಎಲ್ಲ ಸೇರಿಸಿ ಎರಡು ಗಂಟೆ ಇಟ್ಟುಕೊಳ್ಳಿ.

ಇಳಿಯಲು 55 ಮೆಟ್ಟಿಲು, ಹತ್ತಲೂ ಅಷ್ಟೇ. ಹಿಂಬದಿ ಇಲ್ಲದ ಚಪ್ಪಲಿ, ಹೀಲ್ಸ್ ಬೇಡ. ಸೀರೆ ಉಟ್ಟವರು ನೆರಿಗೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡರೆ ನಿಶ್ಚಿಂತೆ. ಮಂಡಿನೋವಿನವರಿದ್ದರೆ ಬುಕ್ ಮಾಡುವ ಮೊದಲೇ ಫೋನ್ ಮಾಡಿ ಏನು ಅನುಕೂಲ ಇದೆ ಎಂದು ಕೇಳಿ. ಬಾಗಿಲಲ್ಲಿ ನಿಂತು ಕೇಳಿದರೆ ಹೊತ್ತು ಮೀರಿರುತ್ತದೆ. 5 ಅಡಿ 10 ಅಂಗುಲಕ್ಕಿಂತ ಎತ್ತರದವರಿಗೆ ಹೆಲ್ಮೆಟ್ ಕೊಡುತ್ತಾರೆ. ತಮಾಷೆ ಅಂದುಕೊಂಡು ಕೈಯಲ್ಲಿ ಹಿಡಿದುಕೊಂಡು ಓಡಾಡಬೇಡಿ. ತಲೆಯ ಮೇಲೆ ಹಾದುಹೋಗುವ ಕಬ್ಬಿಣದ ತೊಲೆ, ಕೊಳವೆಗಳು ನಿಜವಾದವು.

ಮೇಲಿನಿಂದ ನೋಡಿದರೆ ಇದು ಬೇಲಿ ಹಾಕಿದ ಒಂದು ಜಲ್ಲಿ ಅಂಗಳ, ಅಷ್ಟೆ. ನಡುವೆ ಕಾಂಕ್ರೀಟ್-ಉಕ್ಕಿನ ದೊಡ್ಡ ಚಪ್ಪಡಿಯೊಂದು ಅರ್ಧ ಸರಿದು ನಿಂತಿದೆ. ಅದೇ ಬಾವಿಯ ಮುಚ್ಚಳ, ತೂಕ 740 ಟನ್. ಹಳಿಯ ಮೇಲೆ ಜಾರಿ ಪೂರ್ತಿ ತೆರೆದುಕೊಳ್ಳಲು ಅದಕ್ಕೆ 20 ಸೆಕೆಂಡಿನಷ್ಟು ಸಾಕಾಗುತ್ತಿತ್ತು. ಅದರ ಸುತ್ತ ಕಾಣುವ ಗಿಡ್ಡ ಕಂಬಗಳು ಒಳನುಗ್ಗುವವರನ್ನು ಪತ್ತೆ ಮಾಡುತ್ತಿದ್ದ ರೇಡಾರ್. ಇಂಧನ ಸಾಗಿಸುತ್ತಿದ್ದ ವಾಹನಗಳು, ರಾಕೆಟ್ ಎಂಜಿನ್ನುಗಳು ಬಿಸಿಲಲ್ಲೇ ನಿಂತಿವೆ. ಎಂಜಿನ್ ಹತ್ತಿರ ಹೋಗಿ ನಳಿಕೆಯ ಗೋಡೆ ನೋಡಿ: ಅದು ತಗಡಲ್ಲ, ಒಂದರ ಪಕ್ಕ ಒಂದು ಬೆಸೆದ ಸಣ್ಣ ಕೊಳವೆಗಳ ಸಾಲು. ಉರಿಯುವ ಮೊದಲು ಇಂಧನ ಆ ಕೊಳವೆಗಳಲ್ಲಿ ಹರಿದು ನಳಿಕೆಯನ್ನು ತಣ್ಣಗಿಡುತ್ತದೆ. ಇಲ್ಲದಿದ್ದರೆ ನಳಿಕೆಯೇ ಕರಗಿಹೋದೀತು.

ಇಂಥ ಬಾವಿಗಳು ಒಟ್ಟು 54. ಟೂಸಾನ್ ಸುತ್ತ 18, ಕ್ಯಾನ್ಸಸ್‌ನ ವಿಚಿಟಾ ಸುತ್ತ 18, ಆರ್ಕನ್ಸಾಸ್‌ನ ಲಿಟಲ್ ರಾಕ್ ಕಡೆ 18. ಈಗ ಮ್ಯೂಸಿಯಂ ಆಗಿರುವ 571-7 ಎಂಬ ಈ ತಾಣ 1963ರ ಜುಲೈಯಿಂದ 1982ರ ನವೆಂಬರ್‌ವರೆಗೆ ಸಜ್ಜಾಗಿ ನಿಂತಿತ್ತು. 1981ರಲ್ಲಿ ರೇಗನ್ ಸರ್ಕಾರ ಟೈಟಾನ್-2 ಕ್ಷಿಪಣಿಗಳನ್ನೆಲ್ಲ ತೆಗೆಯುವುದಾಗಿ ಹೇಳಿತು, 1987ಕ್ಕೆ ಕೊನೆಯದೂ ಹೋಯಿತು. ಉಳಿದಿದ್ದ ಬಾವಿಗಳ ಬಾಯಿಯನ್ನು ಸ್ಫೋಟಿಸಿ ಹಾಳುಗೆಡವಿದರು. ಇದೊಂದು ಉಳಿದು 1986ರಲ್ಲಿ ಸಾರ್ವಜನಿಕರಿಗೆ ತೆರೆಯಿತು, 1994ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು ಎನಿಸಿಕೊಂಡಿತು.

ಕೆಳಗಿಳಿದರೆ ಮೊದಲು ಸಿಗುವುದು ಬಾಗಿಲಿನ ವ್ಯವಹಾರ. ಪಾಳಿಗೆ ಬರುವವರು ಅಲ್ಲಲ್ಲಿ ಫೋನ್ ಎತ್ತಿ ಒಳಗಿದ್ದವರಿಗೆ ಗುರುತು ಹೇಳಬೇಕು, ಕ್ಯಾಮೆರಾ ಮುಂದೆ ನಿಲ್ಲಬೇಕು, ಚೀಟಿಯಲ್ಲಿದ್ದ ಸಂಕೇತ ಓದಿ ಒಪ್ಪಿಸಬೇಕು, ಆಮೇಲೆ ಆ ಚೀಟಿಯನ್ನು ಅಲ್ಲೇ ಸುಟ್ಟುಹಾಕಬೇಕು. ಗೈಡ್ ಇದನ್ನು ಹೇಳುವಾಗ ಜನ ನಗುತ್ತಾರೆ. 24 ಗಂಟೆಯ ಪಾಳಿಗಾಗಿ ದಿನಾ ಇಷ್ಟು ಮಾಡಬೇಕಿತ್ತು ಎಂದು ನೆನೆದರೆ ನಗು ಅಲ್ಲಿಗೇ ನಿಲ್ಲುತ್ತದೆ. ಪಾಳಿಯಲ್ಲಿ ನಾಲ್ವರು: ಇಬ್ಬರು ಅಧಿಕಾರಿಗಳು, ಇಬ್ಬರು ತಂತ್ರಜ್ಞರು. 1978ರಿಂದ ಹೆಂಗಸರೂ ಈ ಪಾಳಿಗೆ ಬಂದರು. ಗೋಡೆಯ ಮೇಲೆ ‘ಒಬ್ಬರೇ ಇರುವಂತಿಲ್ಲ’ ಎಂಬರ್ಥದ ಕೆಂಪು ಫಲಕ ಅಲ್ಲಲ್ಲಿ ಇದೆ. ಉಡಾವಣೆಯ ಉಪಕರಣ, ಕ್ಷಿಪಣಿ ಇರುವ ಜಾಗಗಳಿಗೆಲ್ಲ ಕನಿಷ್ಠ ಇಬ್ಬರು ಒಟ್ಟಿಗೇ ಹೋಗಬೇಕಿತ್ತು. ಒಬ್ಬ ಏನು ಮಾಡುತ್ತಾನೆ ಅನ್ನುವುದು ಇನ್ನೊಬ್ಬನಿಗೆ ಕಾಣುತ್ತಿರಬೇಕು.

ಸ್ಫೋಟ ತಡೆಯುವ ಬಾಗಿಲುಗಳು ಸುಮಾರು 2.7 ಟನ್ ತೂಗುತ್ತವೆ. ಸಮತೋಲ ಎಷ್ಟು ನಿಖರವಾಗಿದೆಯೆಂದರೆ ಇಷ್ಟು ವರ್ಷದ ಮೇಲೂ ಒಬ್ಬರು ಕೈಯಲ್ಲಿ ತಳ್ಳಿ ಸರಿಸಬಹುದು. ಅವಕಾಶ ಕೊಟ್ಟರೆ ಬಿಡಬೇಡಿ, ಆದರೆ ಕೈಬೆರಳು ಚೌಕಟ್ಟಿನ ಕಡೆ ಇಡಬೇಡಿ; ಹೊರಟ ತೂಕ ಥಟ್ಟನೆ ನಿಲ್ಲುವುದಿಲ್ಲ. ಬಾಗಿಲುಗಳು ಜೋಡಿ ಜೋಡಿಯಾಗಿವೆ. ಒಂದು ತೆರೆದಿದ್ದಾಗ ಇನ್ನೊಂದು ಮುಚ್ಚಿರಬೇಕು ಎಂಬುದು ನಿಯಮ.

ಬಾಗಿಲು ದಾಟಿದ ಮೇಲೆ ನಿಯಂತ್ರಣ ಕೇಂದ್ರ. ಮೂರು ಅಂತಸ್ತಿನ ಉಕ್ಕಿನ ಚೌಕಟ್ಟು: ಮೇಲೆ ಮಲಗುವ, ಅಡುಗೆಯ ಜಾಗ, ನಡುವೆ ಉಡಾವಣೆಯ ಕೋಣೆ, ಕೆಳಗೆ ಸಂಪರ್ಕ ಉಪಕರಣಗಳು ಮತ್ತು ಬ್ಯಾಟರಿ. ಈ ಇಡೀ ಚೌಕಟ್ಟು ಸುತ್ತಲಿನ ಕಾಂಕ್ರೀಟ್ ಗುಮ್ಮಟಕ್ಕೆ ತಾಗಿಲ್ಲ. ಎಂಟು ದಪ್ಪ ಸ್ಪ್ರಿಂಗುಗಳಿಂದ ತೊಟ್ಟಿಲಿನಂತೆ ತೂಗುಬಿಟ್ಟಿದ್ದಾರೆ. ಹತ್ತಿರದಲ್ಲಿ ಬಾಂಬು ಬಿದ್ದು ನೆಲ ಅಲುಗಿದರೆ ಗುಮ್ಮಟ ಅಲುಗಲಿ, ಒಳಗಿನ ತೊಟ್ಟಿಲು ಮೆಲ್ಲಗೆ ತೂಗಲಿ ಅಂತ. ಒಳಗೆ ಕಾಲಿಡುವಾಗ ನೆಲಕ್ಕೂ ಗೋಡೆಗೂ ನಡುವೆ ಬಿಟ್ಟ ಸಂದು ನೋಡಿ. ವೈರು, ಕೊಳವೆಗಳು ಆ ಸಂದು ದಾಟುವ ಕಡೆಯಲ್ಲೆಲ್ಲ ಬಿಗಿಯಾಗಿ ಎಳೆದಿಲ್ಲ, ಬಳುಕಲು ಜಾಗ ಬಿಟ್ಟಿದ್ದಾರೆ. ಕಟ್ಟಡ ಕಟ್ಟುವವರು, ಮೆಕ್ಯಾನಿಕಲ್ ಕಲಿಯುವ ಮಕ್ಕಳು ನೋಡಲೇಬೇಕಾದ್ದು ಇದು, ಕೀಲಿಗಿಂತ ಮೊದಲು.

ಇನ್ನು ಕೀಲಿ. ಗೈಡ್ ಗುಂಪಿನಿಂದ ಒಬ್ಬರನ್ನು, ಸಾಮಾನ್ಯವಾಗಿ ಒಂದು ಮಗುವನ್ನು, ಕಮಾಂಡರ್ ಕುರ್ಚಿಯಲ್ಲಿ ಕೂರಿಸಿ ನಾಟಕ ಆಡಿಸುತ್ತಾರೆ. ಅದರ ಹಿಂದಿನ ಕ್ರಮ ಹೀಗೆ. ರೇಡಿಯೊದಲ್ಲಿ ಸಂಕೇತದ ಆದೇಶ ಬರುತ್ತದೆ. ಇಬ್ಬರು ಅಧಿಕಾರಿಗಳೂ ಬೇರೆ ಬೇರೆಯಾಗಿ ಬರೆದುಕೊಂಡು ತಾಳೆ ನೋಡುತ್ತಾರೆ. ಕೆಂಪು ಪೆಟ್ಟಿಗೆಗೆ ಎರಡು ಬೀಗ, ಒಂದೊಂದರ ಸಂಖ್ಯೆ ಒಬ್ಬೊಬ್ಬರಿಗೆ ಮಾತ್ರ ಗೊತ್ತು. ಅದರೊಳಗಿನ ಪ್ಲಾಸ್ಟಿಕ್ ಲಕೋಟೆ ಮುರಿದು ಆದೇಶ ಅಸಲಿಯೇ ಎಂದು ಪರೀಕ್ಷಿಸುತ್ತಾರೆ. ಅಸಲಿ ಎಂದಾದರೆ ಎರಡು ಕೀಲಿ. ಎರಡನ್ನೂ 2 ಸೆಕೆಂಡಿನ ಒಳಗೆ ತಿರುಗಿಸಬೇಕು, 5 ಸೆಕೆಂಡು ಹಾಗೇ ಹಿಡಿದಿರಬೇಕು. ಎರಡರ ನಡುವಿನ ದೂರ ಒಬ್ಬ ಮನುಷ್ಯನ ಎರಡು ಕೈಗೆ ಎಟುಕದಷ್ಟು.

ಇಷ್ಟಾದರೂ ಸಾಲದು, ಕ್ಷಿಪಣಿಗೆ ಇನ್ನೊಂದು ಬೀಗ ಇದೆ. ಮೊದಲ ಹಂತದ ಎಂಜಿನ್ನಿಗೆ ಆಕ್ಸಿಡೈಸರ್, ಅಂದರೆ ಇಂಧನ ಉರಿಯಲು ಆಮ್ಲಜನಕ ಒದಗಿಸುವ ದ್ರವ, ಹರಿಯುವ ಕೊಳವೆಯಲ್ಲಿ ಒಂದು ಬಟರ್‌ಫ್ಲೈ ವಾಲ್ವು. ಅದು ತೆರೆಯಲು ಆರು ಅಕ್ಷರದ ಸಂಕೇತ ಬೇಕು, ಆ ಸಂಕೇತ ಬರುವುದು ಆದೇಶದ ಜೊತೆಯಲ್ಲೇ. ಪ್ರತಿ ಸ್ಥಾನಕ್ಕೆ 16 ಅಕ್ಷರ ಅಂದರೆ ಸುಮಾರು 1.68 ಕೋಟಿ ಸಾಧ್ಯತೆ. ತಪ್ಪು ಸಂಕೇತವನ್ನು ಮತ್ತೆ ಮತ್ತೆ ಕೊಟ್ಟರೆ ಬೀಗ ತಾನೇ ಜಡಿದುಕೊಂಡುಬಿಡುತ್ತದೆ. ಮೇಲಿನವರು ಹೇಳದೆ ಕೆಳಗಿನ ನಾಲ್ವರೂ ಒಟ್ಟಾಗಿ ಹುಚ್ಚಾದರೂ ಎಂಜಿನ್ ಹೊತ್ತದಂತೆ ಮಾಡಿದ ಏರ್ಪಾಡು. ಆ ಸಂಕೇತದ ಪುಟ್ಟ ಪೆಟ್ಟಿಗೆ ಕೋಣೆಯಲ್ಲೇ ಇದೆ, ಕೀಲಿಯ ಗದ್ದಲದಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಕೇಳಿ, ಗೈಡ್‌ಗಳು ಖುಷಿಯಿಂದ ತೋರಿಸುತ್ತಾರೆ.

ಕೀಲಿ ತಿರುಗಿದ ಮೇಲೆ ಫಲಕದಲ್ಲಿ ದೀಪಗಳು ಒಂದೊಂದಾಗಿ ಹೊತ್ತುತ್ತವೆ. ಅದರಲ್ಲೊಂದರ ಮೇಲೆ ‘ಸೈಲೊ ಸಾಫ್ಟ್’ ಎಂದಿದೆ. ಬಾವಿ ಮೆತ್ತಗಾಯಿತು! ಮುಚ್ಚಳ ಮುಚ್ಚಿರುವಷ್ಟು ಹೊತ್ತು ಬಾವಿ ಗಟ್ಟಿ, ಶತ್ರುವಿನ ಏಟು ತಡೆದೀತು. ಮುಚ್ಚಳ ಸರಿಯಲು ಶುರುವಾದ ಕ್ಷಣದಿಂದ ಅದು ಬರೀ ತೆರೆದ ಗುಂಡಿ. ಕೀಲಿಯಿಂದ ಹಾರುವವರೆಗೆ 58 ಸೆಕೆಂಡು. ಆಮೇಲೆ ವಾಪಸು ಕರೆಯುವ ಗುಂಡಿ ಇಲ್ಲ, ದಾರಿಯಲ್ಲಿ ನಾಶ ಮಾಡುವ ಉಪಾಯವೂ ಇಲ್ಲ. ಅರ್ಧ ಗಂಟೆಯಲ್ಲಿ ಇನ್ನೊಂದು ಖಂಡ. ಆಯ್ಕೆಗೆ ಮೂರು ಗುರಿ ಇದ್ದವು: ಒಂದು, ಎರಡು, ಮೂರು ಎಂಬ ಗುಂಡಿಗಳು. ಅವು ಯಾವ ಊರುಗಳೋ ಪಾಳಿಯವರಿಗೆ ಹೇಳುತ್ತಿರಲಿಲ್ಲ.

ನಿಯಂತ್ರಣ ಕೇಂದ್ರದಿಂದ ಬಾವಿಗೆ ಸುಮಾರು 60 ಮೀಟರ್ ಉದ್ದದ ಸುರಂಗ. ಇಲ್ಲಿ ಗುಂಪು ಬೇಗ ಬೇಗ ನಡೆಯುತ್ತದೆ. ನೀವು ಕೊನೆಯಲ್ಲಿ ಉಳಿದುಕೊಳ್ಳಿ. ಪಕ್ಕದಲ್ಲಿ ಹಾದಿರುವ ಕೇಬಲ್ ತಟ್ಟೆಗಳು, ಅವನ್ನು ಹಿಡಿದಿರುವ ಸ್ಪ್ರಿಂಗುಗಳು ಇಲ್ಲಿ ಕೈಯಳತೆಯಲ್ಲಿ ಸಿಗುತ್ತವೆ. ಸುರಂಗದ ಕೊನೆಯಲ್ಲಿ ಬಾವಿಯ ಎರಡನೇ ಅಂತಸ್ತಿನ ಕಿಟಕಿಗಳಿಂದ ಕ್ಷಿಪಣಿ ಕಾಣುತ್ತದೆ. ಎತ್ತರ 31 ಮೀಟರ್, ಅಡ್ಡಳತೆ 3 ಮೀಟರ್. ಬಾವಿಯ ಆಳ 44 ಮೀಟರಿಗೂ ಮೇಲೆ. ತುದಿಯಲ್ಲಿ 9 ಮೆಗಾಟನ್‌ನ ಸಿಡಿತಲೆ ಇರುತ್ತಿತ್ತು, ಹಿರೋಶಿಮಾದ ಬಾಂಬಿನ 600 ಪಟ್ಟು. ಈಗ ನಿಂತಿರುವುದು ತರಬೇತಿಗೆ ಬಳಸುತ್ತಿದ್ದ ಕ್ಷಿಪಣಿ. ಅದಕ್ಕೆ ಯಾವತ್ತೂ ಇಂಧನ ತುಂಬಿಲ್ಲ, ಸಿಡಿತಲೆ ಜೋಡಿಸಿಲ್ಲ.

ಇದಕ್ಕೂ ಹಿಂದಿನ ಟೈಟಾನ್-1ಕ್ಕೆ ಸೀಮೆಎಣ್ಣೆ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕ. ದ್ರವ ಆಮ್ಲಜನಕವನ್ನು ಟ್ಯಾಂಕಿನಲ್ಲಿ ಇಟ್ಟರೆ ಕುದಿದು ಹಾರಿಹೋಗುತ್ತದೆ; ಆದ್ದರಿಂದ ಆದೇಶ ಬಂದ ಮೇಲೆ ತುಂಬಿಸಿ, ಲಿಫ್ಟಿನಲ್ಲಿ ಕ್ಷಿಪಣಿಯನ್ನು ಮೇಲಕ್ಕೆತ್ತಿ, ಆಮೇಲೆ ಹಾರಿಸಬೇಕು. ಅದಕ್ಕೆ ಕಾಲು ಗಂಟೆ ಹಿಡಿಯುತ್ತಿತ್ತು. ಎದುರಾಳಿಯ ಕ್ಷಿಪಣಿ ಅರ್ಧ ಗಂಟೆಯಲ್ಲಿ ಬಂದು ಬೀಳುವ ಕಾಲದಲ್ಲಿ ಕಾಲು ಗಂಟೆ ದೊಡ್ಡ ಮಾತು. ಟೈಟಾನ್-2ರಲ್ಲಿ ಅದಕ್ಕೆ ಹುಡುಕಿದ ಉತ್ತರ ಮಾಮೂಲಿ ತಾಪದಲ್ಲಿ ವರ್ಷಗಟ್ಟಲೆ ಟ್ಯಾಂಕಿನಲ್ಲೇ ಇರುವ ದ್ರವಗಳು: ಇಂಧನವಾಗಿ ಏರೋಜೀನ್-50, ಅಂದರೆ ಹೈಡ್ರಜೀನ್ ಮತ್ತು ಅದರದೇ ಜಾತಿಯ ಯುಡಿಎಂಎಚ್ ಎಂಬ ದ್ರವ ಸಮಪಾಲು, ಆಕ್ಸಿಡೈಸರ್ ಆಗಿ ನೈಟ್ರೊಜನ್ ಟೆಟ್ರಾಕ್ಸೈಡ್. ಎರಡೂ ಒಂದಕ್ಕೊಂದು ತಾಗಿದರೆ ಸಾಕು, ಕಿಡಿ ಬೇಡ, ತಾವೇ ಹೊತ್ತಿಕೊಳ್ಳುತ್ತವೆ. ಬಾವಿಯೊಳಗೇ ಎಂಜಿನ್ ಹೊತ್ತಿಸಿ ಹಾರಿಸುತ್ತಿದ್ದರು. ತಳದಲ್ಲಿ ಡಬ್ಲ್ಯು ಅಕ್ಷರದ ಆಕಾರದ ಅಡ್ಡಗೋಡೆ ಜ್ವಾಲೆಯನ್ನು ಎರಡಾಗಿ ಸೀಳಿ ಎರಡು ಹೊಗೆಕೊಳವೆಗಳಿಂದ ಮೇಲಕ್ಕೆ ಬಿಡುತ್ತಿತ್ತು. ಜೊತೆಗೆ ನೀರು ಸುರಿಸುತ್ತಿದ್ದರು, ಬೆಂಕಿ ಆರಿಸಲಿಕ್ಕಲ್ಲ, ಸದ್ದು ತಗ್ಗಿಸಲಿಕ್ಕೆ. ಬಾವಿಯಲ್ಲಿ ಮಾರ್ದನಿಸುವ ಎಂಜಿನ್ ಸದ್ದಿನ ಕಂಪನವೇ ಕ್ಷಿಪಣಿಯನ್ನು ಒಡೆಯುವಷ್ಟು ಜೋರಾಗಿರುತ್ತದೆ.

ಈ ಜೋಡಿ ನಮಗೆ ಹೊಸದಲ್ಲ. ಇಸ್ರೋದ ವಿಕಾಸ್ ಎಂಜಿನ್ನಿನಲ್ಲಿ ಉರಿಯುವುದೂ ಇದರ ದಾಯಾದಿಯೇ: ಯುಡಿಎಂಎಚ್‌ಗೆ ಕಾಲುಭಾಗ ಹೈಡ್ರಜೀನ್ ಹೈಡ್ರೇಟ್ ಬೆರೆಸಿದ ಯುಎಚ್ 25 ಮತ್ತು ನೈಟ್ರೊಜನ್ ಟೆಟ್ರಾಕ್ಸೈಡ್. ಪಿಎಸ್ಎಲ್‌ವಿಯ ಎರಡನೇ ಹಂತ ಹಾರುವುದು ಇದರಿಂದಲೇ. ಟೈಟಾನ್-2 ಕೂಡ ಬರೀ ಬಾಂಬಿನ ಗಾಡಿಯಾಗಿ ಉಳಿಯಲಿಲ್ಲ. 1965-66ರಲ್ಲಿ ಜೆಮಿನಿ ಯೋಜನೆಯ ಹತ್ತು ಜೋಡಿ ಗಗನಯಾತ್ರಿಗಳನ್ನು ಹೊತ್ತೊಯ್ದಿತು. ಬಾವಿಯಿಂದ ತೆಗೆದ ಕ್ಷಿಪಣಿಯೊಂದನ್ನು ಮಾರ್ಪಡಿಸಿ 1994ರಲ್ಲಿ ಕ್ಲೆಮೆಂಟೈನ್ ನೌಕೆಯನ್ನು ಚಂದ್ರನತ್ತ ಕಳಿಸಿದರು. ರಾಕೆಟ್ಟಿನ ವ್ಯತ್ಯಾಸ ಇಷ್ಟೇ: ಉಪಗ್ರಹ ಹಾರಿಸುವವರು ಇಂಧನವನ್ನು ಉಡಾವಣೆಗೆ ಮುಂಚೆ ತುಂಬುತ್ತಾರೆ. ಇಲ್ಲಿ ವರ್ಷಗಟ್ಟಲೆ ತುಂಬಿಟ್ಟು ಅದರ ಪಕ್ಕದಲ್ಲೇ ನಾಲ್ವರು ಮಲಗುತ್ತಿದ್ದರು.

ತೊಂದರೆ ಹುಟ್ಟಿದ್ದು ಅಲ್ಲೇ. ನೈಟ್ರೊಜನ್ ಟೆಟ್ರಾಕ್ಸೈಡ್ 21 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅರಿಜೋನಾದ ಬಿಸಿಲಿನಡಿ ಬಾವಿಯನ್ನು 15-16 ಡಿಗ್ರಿಯಲ್ಲಿ ಇಡದಿದ್ದರೆ ಟ್ಯಾಂಕಿನ ಒತ್ತಡ ಏರುತ್ತದೆ. ಹಾಗಾಗಿ ಏಸಿ ಯಂತ್ರ ಕೆಟ್ಟರೆ ಅದು ಸೆಖೆಯ ವಿಷಯವಲ್ಲ, ಕ್ಷಿಪಣಿಯ ವಿಷಯ. ಸೋರಿದರೆ ಕೆಂಗಂದು ಹೊಗೆ. ಒದ್ದೆ ತಾಗಿದಲ್ಲಿ, ಅಂದರೆ ಕಣ್ಣು, ಶ್ವಾಸಕೋಶಗಳಲ್ಲಿ, ನೈಟ್ರಿಕ್ ಆಮ್ಲವಾಗುತ್ತದೆ. ಪ್ರದರ್ಶನಕ್ಕಿಟ್ಟ ರಬ್ಬರ್ ದಿರಿಸು ಅದಕ್ಕಾಗಿ: ತಲೆಯಿಂದ ಕಾಲಿನವರೆಗೆ ಮುಚ್ಚಿ, ಬೆನ್ನಿಗೆ ಸ್ವಂತ ಗಾಳಿಯ ಸಿಲಿಂಡರ್. ಅದರ ಕೈಗವಸು ನೋಡಿ, ಅಂಥ ದಪ್ಪ ಬೆರಳುಗಳಲ್ಲಿ ನಟ್ಟು ಬಿಚ್ಚುವುದು ಎಷ್ಟು ಕಷ್ಟ ಅನ್ನುವುದು ಹೇಳದೆಯೇ ತಿಳಿಯುತ್ತದೆ.

ಟೈಟಾನ್-2ರ ಬಾವಿಗಳಲ್ಲಿ ಸತ್ತವರು ಯಾರೂ ಸೋವಿಯತ್ ಬಾಂಬಿಗೆ ಸತ್ತವರಲ್ಲ. 1965ರ ಆಗಸ್ಟ್‌ನಲ್ಲಿ ಆರ್ಕನ್ಸಾಸ್‌ನ ಸರ್ಸಿ ಹತ್ತಿರದ ಬಾವಿಯೊಂದನ್ನು ಬಲಪಡಿಸುವ ಕೆಲಸ ನಡೆದಿದ್ದಾಗ ಬೆಂಕಿ ಬಿದ್ದು 53 ಕೆಲಸಗಾರರು ಸತ್ತರು. 1978ರ ಆಗಸ್ಟ್‌ನಲ್ಲಿ ಕ್ಯಾನ್ಸಸ್‌ನ ರಾಕ್ ಎಂಬಲ್ಲಿ ಆಕ್ಸಿಡೈಸರ್ ಕೊಳವೆಯ ವಾಲ್ವು ಮುಚ್ಚಿಕೊಳ್ಳದೆ ಸೋರಿ ಇಬ್ಬರು ಹೋದರು. ಎಲ್ಲಕ್ಕಿಂತ ಹೆಚ್ಚು ತಿಳಿದುಕೊಳ್ಳಬೇಕಾದದ್ದು 1980ರ ಸೆಪ್ಟೆಂಬರ್ 18ರ ಡಮಾಸ್ಕಸ್ ಘಟನೆ. ಸಿರಿಯಾದ್ದಲ್ಲ, ಆರ್ಕನ್ಸಾಸ್‌ನ ಒಂದು ಸಣ್ಣ ಊರು.

ಆ ಸಂಜೆ ಆಕ್ಸಿಡೈಸರ್ ಟ್ಯಾಂಕಿನ ಒತ್ತಡ ಸರಿಪಡಿಸಲು ಹೋದವರ ಕೈಯಿಂದ ನಾಲ್ಕು ಕೆ.ಜಿ. ಆಸುಪಾಸಿನ ಒಂದು ಸಾಕೆಟ್, ಅಂದರೆ ನಟ್ಟು ತಿರುಗಿಸುವ ಪಾನಾದ ತಲೆ, ಜಾರಿತು. ಕೆಲಸದ ಕಟ್ಟೆಗೂ ಕ್ಷಿಪಣಿಗೂ ನಡುವಿನ ಸಂದಿನಲ್ಲಿ ನುಸುಳಿ ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಗೆ ಬಿದ್ದು, ತಳದ ಚೌಕಟ್ಟಿಗೆ ಬಡಿದು ಪುಟಿದು, ಮೊದಲ ಹಂತದ ಇಂಧನ ಟ್ಯಾಂಕನ್ನು ತೂತು ಮಾಡಿತು. ಒಂದು ತೂತಿಗೆ ಅಷ್ಟು ಅನಾಹುತ ಯಾಕೆ? ಈ ಕ್ಷಿಪಣಿಗೆ ಬೇರೆ ಗೋಡೆ ಇಲ್ಲ. ತೆಳು ಅಲ್ಯೂಮಿನಿಯಂ ಮಿಶ್ರಲೋಹದ ಟ್ಯಾಂಕೇ ಗೋಡೆ, ಟ್ಯಾಂಕೊಳಗಿನ ಒತ್ತಡವೂ ಅದರ ಬಲದಲ್ಲೊಂದು ಪಾಲು. ಮೊದಲ ಹಂತದಲ್ಲಿ ಇಂಧನ ಕೆಳಗೆ, ಭಾರದ ಆಕ್ಸಿಡೈಸರ್ ಮೇಲೆ. ಕೆಳಗಿನ ಟ್ಯಾಂಕು ಖಾಲಿಯಾಗಿ ಒತ್ತಡ ಕಳೆದುಕೊಂಡರೆ ಮೇಲಿನ ಭಾರಕ್ಕೆ ಡಬ್ಬದಂತೆ ಕುಸಿಯುತ್ತದೆ, ಎರಡೂ ದ್ರವ ಸೇರುತ್ತವೆ. ಇತ್ತ ಸೋರಿದ ಆವಿ ಬಾವಿ ತುಂಬಿದಂತೆ ಎಲ್ಲೋ ಒಂದು ಕಿಡಿಗೂ ಹೊತ್ತೀತು. ಎರಡೂ ಭಯಗಳ ನಡುವೆ ರಾತ್ರಿಯೆಲ್ಲ ಕಳೆದು, ನಸುಕಿನಲ್ಲಿ ಬಾವಿ ಸಿಡಿಯಿತು. 740 ಟನ್ನಿನ ಮುಚ್ಚಳ ಹಾರಿಹೋಯಿತು. ಒಬ್ಬರು ಸತ್ತರು, 21 ಮಂದಿ ಗಾಯಗೊಂಡರು. 9 ಮೆಗಾಟನ್ ಸಿಡಿತಲೆ ಬಾವಿಯಿಂದ ಹೊರಗೆ ಹೋಗಿ ಬಿತ್ತು, ಸಿಡಿಯಲಿಲ್ಲ.

ಮ್ಯೂಸಿಯಂನ ಅಂಗಳದಲ್ಲಿ ಅಷ್ಟೇ ತೂಕದ ಮುಚ್ಚಳದ ಪಕ್ಕ ನಿಂತಾಗ ಈ ಕಥೆ ತಲೆಯಲ್ಲಿದ್ದರೆ ನೋಟವೇ ಬೇರೆ. ನಮ್ಮ ತಕರಾರು ಇರುವುದು ಇಲ್ಲಿ. ಮುಕ್ಕಾಲು ಗಂಟೆಯ ಪ್ರವಾಸದಲ್ಲಿ ಬಹುಪಾಲು ಕೀಲಿ ತಿರುಗಿಸುವ ಕಥೆಗೆ ಹೋಗುತ್ತದೆ. ಎದುರಾಳಿಗೆ ಭಯ ಹುಟ್ಟಿಸಿ ಶಾಂತಿ ಕಾಯ್ದೆವು ಎಂಬ ಅಮೆರಿಕದ ವಾಯುಪಡೆಯ ಧಾಟಿ ಜಾಸ್ತಿ. ಆ ವಾದದಲ್ಲಿ ಹುರುಳಿಲ್ಲ ಎಂದಲ್ಲ, 54 ಬಾವಿಗಳಲ್ಲಿ ಒಂದರಿಂದಲೂ ಯಾರ ಮೇಲೂ ಏನೂ ಹಾರಲಿಲ್ಲ. ಆದರೆ ಆ ಶಾಂತಿಯ ಬೆಲೆ ತೆತ್ತವರು ಕೊಳವೆ ಬಿಗಿಯುವವರು, ವೆಲ್ಡರ್‌ಗಳು. ನಾವಾಗಿ ಕೇಳದಿದ್ದರೆ ಅವರ ಮಾತು ಬರುವುದು ಕಡಿಮೆ. ಆದ್ದರಿಂದ ಕೇಳಿ. ಗೈಡ್‌ಗಳಲ್ಲಿ ಹಲವರು ಸ್ವಯಂಸೇವಕರು, ಅವರಲ್ಲಿ ಹಿಂದೆ ಇಂಥ ಬಾವಿಗಳಲ್ಲೇ ದುಡಿದವರು ಸಿಕ್ಕರೆ ನಿಮ್ಮ ಅದೃಷ್ಟ. ‘ಆಕ್ಸಿಡೈಸರ್ ಸೋರಿದರೆ ಮೊದಲು ಏನು ಮಾಡುತ್ತಿದ್ದಿರಿ?’ ಎಂಬ ಒಂದು ಪ್ರಶ್ನೆ ಹಾಕಿ ನೋಡಿ. ಆಯ್ದ ದಿನಗಳಲ್ಲಿ ಕೆಲವೇ ಜನರ ಗುಂಪಿಗೆ ಕೆಳ ಅಂತಸ್ತುಗಳನ್ನೂ ತೋರಿಸುವ ದೀರ್ಘ ಪ್ರವಾಸಗಳಿರುತ್ತವೆ. ದುಬಾರಿ, ಮೆಟ್ಟಿಲು ಜಾಸ್ತಿ, ತಿಂಗಳುಗಟ್ಟಲೆ ಮೊದಲೇ ಹೊಂಚು ಹಾಕಬೇಕು. ಎಂಜಿನಿಯರಿಂಗ್ ಹಿನ್ನೆಲೆಯವರು ಅದನ್ನೇ ತೆಗೆದುಕೊಳ್ಳಿ.

ಮೇಲೆ ಬಂದ ಮೇಲೆ ಬಾವಿಯ ಬಾಯಿಗೆ ಹಾಕಿದ ಗಾಜಿನಿಂದ ಕ್ಷಿಪಣಿಯ ತುದಿ ನೋಡಲು ಮರೆಯಬೇಡಿ. ಮೂತಿಯಲ್ಲಿ ಒಂದು ತೂತು ಕೊರೆದಿದ್ದಾರೆ. ಇದು ಹಾರುವ ಕ್ಷಿಪಣಿಯಲ್ಲ ಎಂದು ಸೋವಿಯತ್ ಉಪಗ್ರಹಗಳಿಗೆ ಮೇಲಿನಿಂದಲೇ ಕಾಣಲಿ ಅಂತ. ಮುಚ್ಚಳ ಅರ್ಧಕ್ಕೇ ನಿಂತಿರುವುದೂ ಅದೇ ಕಾರಣಕ್ಕೆ, ಪೂರ್ತಿ ತೆರೆಯದಂತೆ ಅಡ್ಡ ಕಟ್ಟಿದ್ದಾರೆ. ಮ್ಯೂಸಿಯಂ ಮಾಡಲು ಊರವರ ಒಪ್ಪಿಗೆ ಸಾಲದು, ಮಾಸ್ಕೋಗೂ ಕಾಣುವಂತಿರಬೇಕಿತ್ತು! ಫೋಟೊ ತೆಗೆಯುವವರು ಲೆನ್ಸನ್ನು ಗಾಜಿಗೆ ಒತ್ತಿ ಹಿಡಿದು ಸುತ್ತ ಅಂಗೈ ಮರೆಮಾಡಿ, ಇಲ್ಲವಾದರೆ ಬರುವುದು ಆಕಾಶದ ಪ್ರತಿಬಿಂಬ. ಸೂರ್ಯ ನೆತ್ತಿಯ ಹತ್ತಿರ ಇದ್ದಾಗ ಬೆಳಕು ಒಳಗೆ ಆಳಕ್ಕೆ ಇಳಿಯುತ್ತದೆ.

ಇದೇ ಬಗೆಯ ಬೇರೆ ಜಾಗಗಳಿಗೆ ಹೋಲಿಸಿದರೆ: ಸೌತ್ ಡಕೋಟಾದ ಮಿನಿಟ್‌ಮ್ಯಾನ್ ಕ್ಷಿಪಣಿಯ ತಾಣವನ್ನು ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತದೆ, ಅಲ್ಲಿನ ಬಾಗಿಲ ಮೇಲೆ ‘30 ನಿಮಿಷದಲ್ಲಿ ತಲುಪಿಸದಿದ್ದರೆ ಮುಂದಿನದು ಉಚಿತ’ ಎಂಬ ಪಿಜ್ಜಾ ಜಾಹೀರಾತಿನ ಅಣಕ ಚಿತ್ರ ಇದೆ; ಆದರೆ ಅದು ಘನ ಇಂಧನದ ಕ್ಷಿಪಣಿ, ಕೊಳವೆ-ವಾಲ್ವುಗಳ ಈ ಪ್ರಪಂಚ ಅಲ್ಲಿಲ್ಲ. ಆಚೆ ಪಕ್ಷದ, ಅಂದರೆ ಸೋವಿಯತ್ತರ, ಬಾವಿ ನೋಡಬೇಕೆನ್ನುವವರಿಗೆ ಲಿಥುವೇನಿಯಾದ ಪ್ಲೋಕ್ಷ್ಟಿನೆ ಒಳ್ಳೆಯದು, 1962ರಲ್ಲಿ ಕ್ಯೂಬಾಗೆ ಹೋದ ಆರ್-12 ಜಾತಿಯ ಕ್ಷಿಪಣಿಗಳ ನಾಲ್ಕು ಬಾವಿಗಳಿವೆ, ಕ್ಷಿಪಣಿ ಮಾತ್ರ ಒಳಗಿಲ್ಲ. ಬಾವಿ, ಅದರಲ್ಲಿ ನಿಂತ ಪೂರ್ತಿ ಕ್ಷಿಪಣಿ, ಪಕ್ಕದಲ್ಲೇ ನಿಯಂತ್ರಣದ ಕೋಣೆ, ಮೂರೂ ಒಟ್ಟಿಗೆ ಬೇಕೆಂದರೆ ಸಾಹುವರೀಟಾದ ಸಮಕ್ಕೆ ಬರುವುದು ಕಷ್ಟ.

ಕೊನೆಯ ಒಂದು ಮಾತು ಹ್ಯಾಮ್ ರೇಡಿಯೊದವರಿಗೆ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ದೂರದವರೊಡನೆ ಮಾತಾಡುವವರಿಗೆ. ಬೆಂಗಳೂರಿನಲ್ಲಿ ನಿಮ್ಮ ಸಂಖ್ಯೆ ಕಡಿಮೆಯೇನಿಲ್ಲ. ಅಂಗಳದಲ್ಲಿ ತಂತಿಗಳನ್ನು ಶಂಕುವಿನಂತೆ ಇಳಿಬಿಟ್ಟ ಎತ್ತರದ ಒಂದು ಡಿಸ್ಕೋನ್ ಆಂಟೆನಾ ಇದೆ. ಬಾವಿಯನ್ನು ಹೊರಜಗತ್ತಿಗೆ ಸೇರಿಸುತ್ತಿದ್ದ ಕಿವಿಗಳಲ್ಲಿ ಅದೂ ಒಂದು. ಲೈಸೆನ್ಸ್ ಇರುವ ಹವ್ಯಾಸಿಗಳು ತಮ್ಮ ರೇಡಿಯೊ ತಂದು ಅದಕ್ಕೆ ಜೋಡಿಸಿಕೊಳ್ಳಬಹುದು. ಲೈಸೆನ್ಸ್ ಜೇಬಿನಲ್ಲಿರಲಿ, ಮೊದಲು ಕೌಂಟರ್‌ನಲ್ಲಿ ಕೇಳಿ, ಬೇಕಾದ ಕೇಬಲ್ಲು ಕನೆಕ್ಟರ್‌ಗಳನ್ನು ನೀವೇ ಒಯ್ಯಿರಿ. ಬ್ಯಾಂಡ್ ತೆರೆದಿರುವ ಹೊತ್ತಿಗೆ ಹೋದರೆ ರಷ್ಯಾದ ಕಡೆಯ ಯಾರಾದರೂ ಸಿಕ್ಕಾರು, ನಮಸ್ಕಾರ ಹೇಳಿ ಸಿಗ್ನಲ್ ರಿಪೋರ್ಟ್ ಕೊಟ್ಟು ಬನ್ನಿ.